ಜೋಲಿಯಾದ ಬಾವುಟ

ನಾಗರಬಾವಿ

ಅವ್ವಾ,

ಕೂಸು ಹುಷಾರಾಗಿದೆ; ನನಗೆ ನಿದ್ದೆಯೇ ಇಲ್ಲ. ನಿನ್ನೆ ತಾರಸಿಯ ಹಗ್ಗದ ಮೇಲೆ ಬಿಳಿ-ನೀಲಿ-ಬಿಳಿ ಪಟ್ಟೆಯ ದೊಡ್ಡ ಬಟ್ಟೆಯಿತ್ತು. ಮನೆ ಓನರ್ ರಾಮಮ್ಮ ಆಂಟಿ ಕೂಸಿಗೆಂದು ಹಾಕಿಟ್ಟ ಹಳೆಬಟ್ಟೆ ಎಂದುಕೊಂಡು ಜೋಲಿ ಕಟ್ಟಿದೆ. ಕೂಸು ಕೂಡಲೇ ಮಲಗಿತು! ಅಷ್ಟರಲ್ಲಿ ಆಂಟಿ ಬಂದರು. "ಅಯ್ಯೋ, ಅದು ಮೇಲ್ಗಡೆ ರಷ್ಯಾ ಹುಡುಗಿ ಬಾವುಟ ಕಣಮ್ಮ!"

ಬಿಚ್ಚಲು ಹೋದರೆ ಆ ಹುಡುಗಿ ಲೇರಾಳೇ ತಡೆದಳು. ಯುದ್ಧ ಬೇಡವೆನ್ನುವ ರಷ್ಯಾದವರು ತಮ್ಮ ದೇಶದ ಬಾವುಟದಿಂದ ರಕ್ತದ ಕೆಂಪು ತೆಗೆದು, ಬಿಳಿ ಹಾಕಿ ಹೀಗೆ ಮಾಡಿಕೊಂಡರಂತೆ. ಅದನ್ನು ಹಿಡಿದು ನಿಂತಿದ್ದಕ್ಕೆ ಊರಿಗೆ ಹೋದರೆ ಜೈಲಂತೆ; ಅವಳೀಗ ತಾಯಿಯ ಬಳಿ ಹೋಗುವಂತಿಲ್ಲ.

ಜೋಲಿ ತೂಗುತ್ತಾ, "ನಿಮ್ಮಮ್ಮ ಎಷ್ಟು ದೂರ?" ಎಂದಳು.

"ಒಂದು ರಾತ್ರಿ ರೈಲು" ಎಂದೆ. "ಒಂದೇ ರಾತ್ರಿಯಾ?" ಎಂದು ಅವಳು ಮತ್ತೆ ಜೋಲಿ ತೂಗಿದಳು.

ಬಂದುಬಿಡು ಅವ್ವಾ. ಜೋಲಿಗೆ ನಿನ್ನ ಹಳೆಯ ಸೀರೆಯೊಂದು ತಾ. ಬಾವುಟ ಅವಳಿಗೆ ವಾಪಸ್ ಕೊಡಬೇಕು.

ಕೂಸು ಎದ್ದಿತು,
ದಾಕ್ಷಾ