ಸೋಮಾರಿ ಎಂಜಿನ್

ನವೆಂಬರ್ ೧೪, ಶುಕ್ರವಾರ

ಬೆಳಿಗ್ಗೆ ನನ್ನ ವಿಮರ್ಶೆ ಅಚ್ಚಾಗಿ ಬಂತು: ‘ಚಂದದ ಸ್ಪೋರ್ಟ್ಸ್ ಕಾರು, ಸೋಮಾರಿ ಎಂಜಿನ್’. “ಸರಿಯಾಗಿ ಜಾಡಿಸಿದೀಯ ಕಣೋ!” ಎಂದು ಸಂಪಾದಕರು ಬೆನ್ನು ತಟ್ಟಿದರು. ನಾನೂ ಬೀಗಿದೆ.

ಮಧ್ಯಾಹ್ನ, ಓಡಿಸಿ ನೋಡಲು ಕಂಪನಿ ಕೊಟ್ಟಿದ್ದ ಕಾರನ್ನು ಹಿಂತಿರುಗಿಸುವ ಮುನ್ನ, ಸೀಟಿನಡಿ ಕನ್ನಡಕ ಹುಡುಕುತ್ತಿದ್ದಾಗ ಕಣ್ಣಿಗೆ ಬಿತ್ತು. ರಸ್ತೆಗೆ ತಕ್ಕಂತೆ ಓಟದ ರೀತಿ ಬದಲಿಸುವ, ಸ್ಟಿಯರಿಂಗ್ ಪಕ್ಕದ ನಾಬ್ ಇನ್ನೂ ಮಳೆಯ ಗುರುತಿನ ಮೇಲೇ ನಿಂತಿತ್ತು. ಎಂಜಿನ್ ಬೆನ್ನ ಹಿಂದೆಯೇ ಇರುವ ಕಾರು, ಒದ್ದೆ ತಿರುವಿನಲ್ಲಿ ಹಿಂಭಾಗ ಜಾರೀತೆಂದು ಮೊದಲ ದಿನ ನಾನೇ ಹಾಗೆ ಇಟ್ಟಿದ್ದೆ. ಅಲ್ಲಿಟ್ಟರೆ ಎಂಜಿನ್ ತನ್ನ ಕಸುವನ್ನು ಅರ್ಧವೂ ಬಿಟ್ಟುಕೊಡುವುದಿಲ್ಲ. ಬಿಸಿಲು ಬಂದ ಮೇಲೆ ಬದಲಿಸಲು ಮರೆತವನು ನಾನು, ಸೋಮಾರಿ ಎನಿಸಿಕೊಂಡದ್ದು ಅದು. ಅಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾಬ್ ತಿರುಗಿಸಿಟ್ಟು, ಕೀ ಕೊಟ್ಟು ಬಂದೆ.

ಸಂಜೆ ಆ ಎಂಜಿನ್ ರೂಪಿಸಿದಾಕೆಯ ಫೋನ್. “ನೇರವಾಗಿ ಬರೆದ್ರಲ್ಲ ಸರ್, ಒಳ್ಳೇದೇ ಆಯ್ತು. ನೀವು ಹೇಳ್ತೀರಿ ಅಂದ್ಮೇಲೆ ಏನೋ ಇರ್ಲೇಬೇಕು. ಎಲ್ರೂ ಕೂತು ಇವತ್ತೇ ಬಿಚ್ಚಿ ನೋಡ್ತೀವಿ.”

“ಹೂಂ” ಎಂದೆ.

ಈಗ ಫೋನ್ ಎತ್ತಿಕೊಂಡೆ, ಮತ್ತೆ ಇಟ್ಟೆ. ಏನೂ ಕೆಡದ ಎಂಜಿನ್ನಿನೊಳಗೆ ಅವರು ಇನ್ನೂ ನನ್ನ ತಪ್ಪನ್ನು ಹುಡುಕುತ್ತಿರಬಹುದು.