ಸದ್ದು ಮಾಡದ ಕೆಂಪು ಬಟನ್

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಚಿನ್ನಿ,

ಹೇಗಿದ್ದೀಯಾ? ರಾತ್ರಿ ಪಾಳಿ ಮುಗಿಸಿ ಬಂದು ಏನಾದ್ರೂ ತಿಂದು ಮಲಗ್ತೀಯೋ, ಇಲ್ಲಾ ಹಾಗೇ ಬಿದ್ಕೊಳ್ತೀಯೋ? ಆಸ್ಪತ್ರೆಗೆ ಬಂದವರ ಆರೋಗ್ಯ ನೋಡೋಳು ನಿನ್ನದನ್ನೂ ಸ್ವಲ್ಪ ನೋಡ್ಕೊಳ್ಳಮ್ಮ. ಇಲ್ಲಿ ನಿನ್ನ ಅತ್ತಿಗೆ, ಅವಳ ಹೊಟ್ಟೆಯಲ್ಲಿರೋ ಕೂಸು, ಇಬ್ಬರೂ ಕ್ಷೇಮ. ಅದನ್ನ ಮೊದಲೇ ಹೇಳಿಬಿಟ್ಟೆ, ಯಾಕಂದ್ರೆ ಮುಂದಿನದನ್ನ ಓದಿ ನೀನು ಹೆದರಬಾರದು. ನನಗಂತೂ ಸಿಟ್ಟಿಗೆ ಮೈಯೆಲ್ಲಾ ಉರೀತಿದೆ.

ಗುರುವಾರ ಡಾಕ್ಟರಿಗೆ ತೋರಿಸ್ಕೊಂಡು ಇಬ್ಬರೂ ವಾಪಸ್ ಬಂದು ಲಿಫ್ಟ್ ಹತ್ತಿದ್ವಿ. ಎರಡನೇ ಮಹಡಿ ದಾಟಿತೋ ಇಲ್ಲವೋ, ಗಕ್ಕನೆ ನಿಂತು ದೀಪವೂ ಹೋಯ್ತು. ಮೊಬೈಲ್ ಬೆಳಕಲ್ಲಿ ನೋಡಿದ್ರೆ ಗಂಟೆ ಚಿತ್ರ ಇರೋ ಕೆಂಪು ಬಟನ್. ಒತ್ತಿದೆ. ಸದ್ದಿಲ್ಲ. ಬೆರಳು ನೋಯೋವರೆಗೂ ಒತ್ತಿದೆ. ಫೋನಿಗೂ ಸಿಗ್ನಲ್ ಇಲ್ಲ. ನಿನ್ನ ಅತ್ತಿಗೆ ಬೆವತು, ಗೋಡೆ ಹಿಡ್ಕೊಂಡು ಮೆಲ್ಲಗೆ ಕೂತುಬಿಟ್ಟಳು. “ಅತ್ತೆ, ಉಸಿರು ಕಟ್ತಿದೆ” ಅಂದಳು. ಒಂದು ಕೈಯಲ್ಲಿ ಸೆರಗಿನಿಂದ ಅವಳಿಗೆ ಗಾಳಿ ಹಾಕ್ತಾ, ಇನ್ನೊಂದು ಕೈಯಲ್ಲಿ ಸ್ಟೀಲ್ ನೀರಿನ ಬಾಟಲಿ ತಗೊಂಡು ಬಾಗಿಲಿಗೆ ಬಡಿದೆ ನೋಡು, ಬಾಟಲಿ ಈಗ ನೆಟ್ಟಗೆ ನಿಲ್ಲಲ್ಲ. ಕೊನೆಗೆ ಮೂರನೇ ಮಹಡಿ ಮೇಷ್ಟ್ರಿಗೆ ಕೇಳಿಸಿ, ಅವರು ಓಡಿಹೋಗಿ ವಾಚ್‌ಮನ್‌ನ ಕರ್ಕೊಂಡು ಬಂದು, ಇಬ್ಬರೂ ಸೇರಿ ಬಾಗಿಲು ಎಳೆದು ನಮ್ಮನ್ನ ಹೊರಗೆ ತೆಗೆದರು.

ಆಮೇಲೆ ಬಂದ ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ ಮಹಾಶಯ. ಇಸ್ತ್ರಿ ಶರ್ಟು, ಕೈಯಲ್ಲಿ ಕಾಫಿ ಲೋಟ. “ಡೋಂಟ್ ಬಿ ಅಲಾರ್ಮ್ಡ್, ಆಂಟಿ” ಅಂದ. ನನಗೆ ಗೊತ್ತಿರೋ ಅಲಾರಂ ತಲೆದಿಂಬಿನ ಪಕ್ಕ ಹೊಡ್ಕೊಳ್ಳೋದು. ನಾನೇನು ಗಡಿಯಾರನಾ? ಬೆಲ್ ಯಾಕೆ ಆಗಲಿಲ್ಲ ಅಂತ ಕೇಳಿದ್ರೆ, ಮಕ್ಕಳು ಸುಮ್ಸುಮ್ನೆ ಒತ್ತುತ್ತಿದ್ರಂತೆ, ಜನ ಗಾಬರಿ ಬೀಳ್ತಿದ್ರಂತೆ, ಅದಕ್ಕೆ ವೈರೇ ಕೀಳಿಸಿದನಂತೆ! ನೆಗಡಿ ಬಂತು ಅಂತ ಮೂಗು ಕುಯ್ಕೊಂಡ ಹಾಗೆ.

ಮನೆಗೆ ಬಂದು ನಿನ್ನ ಅತ್ತಿಗೆ ಬಿಡಿಸಿ ಹೇಳಿದಳು. ಇಂಗ್ಲಿಷಿನಲ್ಲಿ ಎಚ್ಚರಿಸೋ ಗಂಟೆಗೂ ಅಲಾರಂ ಅಂತಾರಂತೆ, ಎದೆ ಧಸಕ್ ಅನ್ನೋದಕ್ಕೂ ಅದೇ ಮಾತಂತೆ. ಹಾಗಿದ್ರೆ ಈ ಪುಣ್ಯಾತ್ಮ ಮಾಡಿದ್ದೇನು? ಗೋಡೆ ಮೇಲಿನದನ್ನ ಕಿತ್ತುಹಾಕಿ, ಎದೆಯೊಳಗಿನದನ್ನ ನಮಗೆ ಬಿಟ್ಟ. ಮಾರನೇ ದಿನ ಕೆಳಗೆ ನೋಟಿಸ್ ಬೇರೆ: ನಿವಾಸಿಗಳು ಬಾಗಿಲು ಬಡಿದು ಅನವಶ್ಯಕ ಅಲಾರಂ ಸೃಷ್ಟಿಸಬಾರದು!

ನಿನ್ನ ಅಣ್ಣ “ಹೋಗ್ಲಿ ಬಿಡಮ್ಮ, ಅಕ್ಕಪಕ್ಕದವರು” ಅಂದ. ನಾನು ಬಿಡ್ತೀನಾ? ಇವತ್ತು ಬೆಳಿಗ್ಗೆ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಎದ್ದು ನಿಂತು ಸೆಕ್ರೆಟರಿನ ಕೇಳಿದೆ: “ನಾಳೆ ನಿಮ್ಮ ತಾಯಿ ಒಳಗೆ ಸಿಕ್ಕಿಕೊಂಡ್ರೆ, ಅವರೂ ಸದ್ದು ಮಾಡದೆ ಕೂತಿರಬೇಕಾ?” ಮೇಷ್ಟ್ರು ನನ್ನ ಪರ ನಿಂತರು. ಸಂಜೆಯೊಳಗೆ ವೈರ್ ಹಾಕಿಸ್ತೀನಿ ಅಂತ ಅವನು ಎಲ್ಲರ ಮುಂದೆ ಒಪ್ಪಿಕೊಂಡಿದ್ದಾನೆ. ನೋಟಿಸನ್ನ ನಾನೇ ಕಿತ್ತು ಬಂದೆ.

ಅತ್ತಿಗೆ ನಿನ್ನ ಕೇಳಿದಳು ಅಂತ ಬರೀಬೇಕಂತೆ, ಬರೆದೆ. ನಿನ್ನ ಕೈಗುಣಕ್ಕೆ ಒಳ್ಳೇ ಹೆಸರು ಬರಲಿ, ಕಣ್ತುಂಬ ನಿದ್ದೆ ಬರಲಿ, ನೂರು ಕಾಲ ಬಾಳು ಕಂದಾ.

ನಿನ್ನ ಅಮ್ಮ

ತಾ.ಕ.: ಯಾರಿಗೂ ಹೇಳಬೇಡ. ಗುರುವಾರದಿಂದ ನಾನು ಲಿಫ್ಟ್ ಹತ್ತಿಲ್ಲ. ಮಂಡಿಗೆ ಒಳ್ಳೇದು ಅಂತ ಸುಳ್ಳು ಹೇಳಿ ನಾಲ್ಕು ಮಹಡಿ ಮೆಟ್ಟಿಲು ಹತ್ತುತ್ತಿದ್ದೀನಿ. ಬಚ್ಚಲಮನೆ ಬಾಗಿಲಿಗೆ ಚಿಲಕ ಹಾಕೋಕೂ ಆಗ್ತಿಲ್ಲ. ರಜಾ ಸಿಕ್ಕಿದ್ರೆ ಬಾ. ಒಂದು ಸಲ ನನ್ನ ಕೈ ಹಿಡ್ಕೊಂಡು ಲಿಫ್ಟಲ್ಲಿ ಮೇಲೆ ಕರ್ಕೊಂಡು ಹೋಗು.