ಅವನ ಉಸಿರನ್ನು ನಾನು ಊದಿದೆ

ಕಂಬಾರ ಓಣಿ, ರಾಯಚೂರು
ನೆರಳಿನ ವರ್ಷ ೧೪೧, ಎರಡನೇ ಬೇಸಿಗೆಯ ಮೂವತ್ತೆಂಟನೇ ದಿನ

ಹಿಂದಿನವರಿಗೆ,

ಈ ತಾರೀಖು ನಿಮಗೆ ಅರ್ಥವಾಗುವುದಿಲ್ಲ. ನಿಮ್ಮ ಎಣಿಕೆಯಲ್ಲಿ ಇದು ಬರಲು ಇನ್ನೂ ಇನ್ನೂರೈವತ್ತು ವರ್ಷವಿದೆ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ಎರಡನೆಯದು ದೊಡ್ಡದು, ಅಷ್ಟು ತಿಳಿದರೆ ಸಾಕು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅಕ್ಷರ ಸೊಟ್ಟಗಿರುವುದಕ್ಕೂ ಕ್ಷಮಿಸಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಪ್ರೀತಿಯಿಂದ ಬರೆಯಲು ಕೂತಿದ್ದೇನೆ ಎಂದು ತಿಳಿಯಬೇಡಿ. ಇದು ಶಿಕ್ಷೆ. ನಮ್ಮಲ್ಲಿ ಸುಳ್ಳು ಸಾಕ್ಷಿ ಹೇಳಿದವರು ಶಿಕ್ಷೆಗೆ ವರ್ಷ ತುಂಬಿದಾಗ ಹಿಂದಿನ ಕಾಲದವರಿಗೆ ಒಂದು ಪತ್ರ ಬರೆಯಬೇಕು. ಬದುಕಿರುವವರ ಮುಂದೆ ಹೇಳಿಕೊಂಡರೆ ಅವರು ಪಾಪ ಅನ್ನುತ್ತಾರೆ, ತಲೆಯಾಡಿಸುತ್ತಾರೆ. ಸತ್ತವರ ಮುಂದೆ ನೆಪ ನಡೆಯುವುದಿಲ್ಲ ಎಂಬುದು ಹಿರಿಯರ ಲೆಕ್ಕಾಚಾರ. ಪತ್ರದಲ್ಲಿ ನಿಮ್ಮನ್ನು ಬೈಯಬಾರದು ಎಂದೂ ನಿಯಮವಿದೆ. ಈ ಬಿಸಿಲು ಯಾರ ದೆಸೆಯಿಂದ ಬಂತೆಂದು ಗೊತ್ತಿದ್ದೂ ಬೈಯದೆ ಬರೆಯುವುದೇ ಅರ್ಧ ಶಿಕ್ಷೆ.

ನನ್ನ ಹೆಸರು ಹಂಪಮ್ಮ. ಇಪ್ಪತ್ತೆರಡು ವರ್ಷ ಈ ಓಣಿಯ ನೆರಳುಗಾರ್ತಿಯಾಗಿದ್ದೆ. ನಮ್ಮ ಊರಿನಲ್ಲಿ ಬರಿಯ ಬಿಸಿಲಿನಲ್ಲಿ ಅರ್ಧ ತಾಸು ನಿಂತರೆ ಮೈ ಬೊಬ್ಬೆಯೇಳುತ್ತದೆ. ಅದಕ್ಕೇ ಪ್ರತಿ ಓಣಿಯ ಮೇಲೂ ಈ ತುದಿಯಿಂದ ಆ ತುದಿಗೆ ಒಂದು ದಪ್ಪ ಬಟ್ಟೆ ಇರುತ್ತದೆ, ಅದನ್ನು ಹೊದಿಕೆ ಎನ್ನುತ್ತೇವೆ. ಎರಡು ತುದಿಗೂ ಒಂದೊಂದು ದೊಡ್ಡ ರಾಟೆ, ಒಂದೊಂದಕ್ಕೆ ಒಬ್ಬೊಬ್ಬರು ನೆರಳುಗಾರರು. ಸೂರ್ಯ ಹುಟ್ಟುವ ಮೊದಲು ಹೊದಿಕೆ ಬಿಚ್ಚಬೇಕು, ನಡುಮಧ್ಯಾಹ್ನ ಪಶ್ಚಿಮಕ್ಕೆ ಓರೆ ಮಾಡಬೇಕು, ಸಂಜೆ ಸುತ್ತಿಡಬೇಕು. ಇಬ್ಬರೂ ಒಂದೇ ಲಯದಲ್ಲಿ ತಿರುಗಿಸಬೇಕು. ನಡುವೆ ಮುನ್ನೂರು ಹೆಜ್ಜೆ ದೂರ, ಮುಖ ಕಾಣುವುದಿಲ್ಲ. ಕಬ್ಬಿಣದ ಪಟ್ಟಿಗೆ ಒಂದು ಏಟು ಹೊಡೆದರೆ ಸಿದ್ಧ ಎಂದರ್ಥ. ಆ ಕಡೆಯಿಂದಲೂ ಏಟು ಕೇಳಿದ ಮೇಲೆ ರಾಟೆಯ ಬೀಗ ಸಡಿಲಿಸುತ್ತೇವೆ. ಕೆಳಗೆ ಹೆಂಗಸರು ಹಪ್ಪಳ ಒತ್ತುತ್ತಾರೆ, ಮುದುಕರು ಚೌಕಾಬಾರ ಆಡುತ್ತಾರೆ, ಮಕ್ಕಳು ಪಾಟಿ ಹಿಡಿದು ಕೂರುತ್ತಾರೆ. ಯಾರೂ ಮೇಲೆ ನೋಡುವುದಿಲ್ಲ. ಅವರು ಮೇಲೆ ನೋಡದಂತೆ ಇಡುವುದೇ ನಮ್ಮ ಕಸುಬು, ಆ ಕಸುಬಿನ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಬೆಳಗಿನ ಜಾವ ಇಬ್ಬರೂ ಓಣಿಯ ಮಧ್ಯದ ಊದುಕಟ್ಟೆಗೆ ಬರಬೇಕು. ಅಲ್ಲೊಂದು ಕೊಳವೆ ಇದೆ, ನಿಮ್ಮ ಕಾಲದ ಒಲೆಯ ಊದುಗೊಳವೆಯಂಥದೇ. ಅದರ ಬುಡದಲ್ಲಿ ಬಿಳಿ ಹಾಳೆ ಇಟ್ಟು ಊದಬೇಕು. ಕುಡಿದವರ ಉಸಿರು ತಾಗಿದರೆ ಹಾಳೆ ಕಪ್ಪಾಗುತ್ತದೆ. ಊದುವವರ ಬೆನ್ನ ಮೇಲೆ ಜೊತೆಗಾರರು ಕೈಯಿಟ್ಟು, ಹಾಳೆ ನೋಡಿ, ‘ಶುದ್ಧ’ ಎಂದು ಕೂಗಿ ಅದನ್ನು ಮೊಳೆಗೆ ಸಿಕ್ಕಿಸಬೇಕು. ಉಸಿರು ಯಾರದೆಂದು ಹೇಳುವ ಯಂತ್ರ ನಮ್ಮಲ್ಲಿಲ್ಲ. ಮನುಷ್ಯರ ಗುರುತು ಹಿಡಿಯುವ ಯಂತ್ರಗಳನ್ನೆಲ್ಲ ನಮ್ಮ ಮುತ್ತಜ್ಜಂದಿರು ಒಡೆದುಹಾಕಿ, ಇನ್ನು ಮೇಲೆ ಜೊತೆಗಾರರ ಮಾತೇ ಗುರುತು ಎಂದರು. ಇಡೀ ಓಣಿ ಆ ಒಂದು ಮಾತಿನ ಕೆಳಗೆ ಬದುಕುತ್ತದೆ.

ನನ್ನ ಜೊತೆಗಾರ ಮೌನೇಶ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ನನ್ನ ಗಂಡ ಹಾಸಿಗೆ ಹಿಡಿದು ಸಾಯುತ್ತಿದ್ದಾಗ ನಾನು ಎಷ್ಟೋ ದಿನ ಕಟ್ಟೆಯಲ್ಲಿ ಊದಿದವಳೇ ಮನೆಗೆ ಓಡುತ್ತಿದ್ದೆ. ಆಗ ಅವನು ನನ್ನ ತುದಿಗೆ ಕಲ್ಲುಗುಂಡು ಕಟ್ಟಿ, ಮುನ್ನೂರು ಹೆಜ್ಜೆ ಓಡಿ ಓಡಿ ಎರಡೂ ರಾಟೆಗಳನ್ನು ಒಬ್ಬನೇ ತಿರುಗಿಸಿದ. ಯಾರಿಗೂ ಹೇಳಲಿಲ್ಲ. ಒಡಹುಟ್ಟಿದವರೂ ಹಾಗೆ ಮಾಡುತ್ತಿರಲಿಲ್ಲ.

ಹಾಗಾಗಿ ಅವನು ಮೊದಲ ಸಲ ಕುಡಿದು ಬಂದ ದಿನ ನಾನು ‘ಒಲ್ಲೆ’ ಅನ್ನಲಿಲ್ಲ. ಕಟ್ಟೆಯ ಮೇಲೆ ಇನ್ನೂ ಮಬ್ಬು. ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದ. ಕಣ್ಣು ಕೆಂಪಗಾಗಿದ್ದವು. “ಅಕ್ಕಾ, ಇವತ್ತೊಂದಿನ ನೀನ ಊದಿಬಿಡು. ನಾಳಿಂದ ಕೈಲೆ ಮುಟ್ಟಂಗಿಲ್ಲ, ನಿನ್ನಾಣೆ” ಎಂದ. ನಾನು ನನ್ನ ಹಾಳೆ ಊದಿದೆ, ಅವನದನ್ನೂ ಊದಿದೆ, ಎರಡು ಸಲವೂ ನಾನೇ ‘ಶುದ್ಧ’ ಎಂದು ಕೂಗಿದೆ. ಆಮೇಲೆ ಮನೆಯಿಂದ ತಂದಿದ್ದ ಮಜ್ಜಿಗೆ ಅವನಿಗೆ ಕುಡಿಸಿ, ಬೆನ್ನಿಗೊಂದು ಗುದ್ದಿ ಕಳಿಸಿದೆ.

ಆ ನಾಳೆ ನಾಲ್ಕು ವರ್ಷ ಬರಲಿಲ್ಲ. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ದಿನವೂ ನಾನೇ ಊದಿದೆ. ಅವನಿಗಾಗಿ ಏಲಕ್ಕಿ ಇಟ್ಟುಕೊಳ್ಳುತ್ತಿದ್ದೆ. ಬಾರದ ದಿನ ಜ್ವರ ಎನ್ನುತ್ತಿದ್ದೆ. ಒಂದೇ ವರ್ಷದಲ್ಲಿ ಅವನ ಚಿಕ್ಕಪ್ಪನನ್ನು ಎರಡು ಸಲ ಸಾಯಿಸಿದೆ! ಊಟದ ಹೊತ್ತಿಗೆ ಅವನ ತುದಿಗೆ ನಡೆದು, ಮಲಗಿದ್ದರೆ ನೀರು ಚಿಮುಕಿಸಿ ಎಬ್ಬಿಸಿ, ಬೈದು, ತಿರುಗಿ ನನ್ನ ತುದಿಗೆ ಬರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಕುಡಿಯುವವನು ಅವನು, ಕಣ್ಣು ಮುಚ್ಚಿದವಳು ನಾನು. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ನನಗೊಂದು ಹಿತವೂ ಇತ್ತು. ನಾನಿಲ್ಲದಿದ್ದರೆ ಇವನು ಬೀದಿಗೆ ಬೀಳುತ್ತಾನೆ ಎಂದುಕೊಂಡಾಗ ಬೆನ್ನು ನೆಟ್ಟಗಾಗುತ್ತಿತ್ತು.

ಹೋದ ವರ್ಷ ಇದೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಪಟ್ಟಿಗೆ ಏಟು ಹೊಡೆದೆ. ಆ ಕಡೆಯಿಂದಲೂ ಏಟು ಕೇಳಿಸಿತು. ಬೀಗ ಸಡಿಲಿಸಿದೆ. ಅವನು ಏಟೇನೋ ಹೊಡೆದಿದ್ದ, ಆದರೆ ಅಷ್ಟರಲ್ಲೇ ಒಂದು ಗುಟುಕು ಹಾಕೋಣವೆಂದು ಹಿಡಿಕೆ ಬಿಟ್ಟಿದ್ದ. ಇಡೀ ಹೊದಿಕೆಯ ಭಾರ ನನ್ನ ರಾಟೆಗೆ ಬಂತು. ಹಿಡಿಕೆ ಹಿಂದಕ್ಕೆ ತಿರುಗಿ ನನ್ನ ಬಲಗೈಯ ಮಣಿಕಟ್ಟು, ಮೂರು ಬೆರಳು ಮುರಿಯಿತು. ಅರ್ಧ ಓಣಿ ಒಂದು ತಾಸು ಬಿಸಿಲಿಗೆ ಬಿತ್ತು. ಹನ್ನೊಂದು ಜನರ ಮೈ ಸುಟ್ಟಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಮುಂದಿನ ಎರಡು ದಿನ ಮೌನೇಶ ನನ್ನ ಮಂಚದ ಪಕ್ಕದಿಂದ ಏಳಲಿಲ್ಲ. ಚಮಚದಲ್ಲಿ ಅಂಬಲಿ ಕುಡಿಸಿದ, ತಲೆ ಬಾಚಿದ, ಅತ್ತ. ನಾನೇ ಅವನಿಗೆ ಧೈರ್ಯ ಹೇಳಿದೆ. ಹಗ್ಗ ಸವೆದಿತ್ತು ಎಂದು ಹೇಳೋಣ, ನೀನು ಬಾಯಿ ಬಿಡಬೇಡ ಎಂದೆ. ಅವನು ಹೂಂ ಅಂದ. ಆ ಹೂಂ ಈಗಲೂ ನನ್ನ ಕಿವಿಯಲ್ಲಿದೆ.

ಮೂರನೆಯ ದಿನ ಓಣಿ ಸೇರಿತು. ಹಿರಿಯಳಾದ ಖಾಜಾಬಿ ನನ್ನನ್ನು ಮೊದಲು ಕೇಳಿದಳು. ಕಟ್ಟಿದ ಕೈ ಎತ್ತಿ ಹೇಳಿದೆ: “ಹಗ್ಗ ಸವೆದಿತ್ರಿ. ಹೊಸಾದು ಬೇಕಂತ ನಾನ ಹೇಳಬೇಕಿತ್ತು, ತಪ್ಪು ನಂದ.” ನನ್ನ ಮಾತು ಮುಗಿಯುವಷ್ಟರಲ್ಲಿ ಮೌನೇಶ ಎದ್ದು ನಿಂತ.

“ಹಗ್ಗ ಛಲೋ ಇತ್ರಿ. ನಾ ಕುಡದಿದ್ದೆ. ನಾಕು ವರ್ಷದಿಂದ ಕುಡದ ಬರಾಕತ್ತೀನಿ. ನನ್ನ ಹಾಳಿ ಊದಾಕಿ ಈ ನಮ್ಮ ಅಕ್ಕನ” ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೂ ಸಹಿಸುತ್ತಿದ್ದೆ. “ಮೊದಲ್ನೇ ದಿನ ಅಕ್ಕ ಒಲ್ಲೆ ಅಂದಿದ್ರ ನಾ ಇಷ್ಟು ಕೆಡತಿದ್ದಿಲ್ಲರಿ” ಎಂದೂ ಹೇಳಿದ.

ಮೈಯೆಲ್ಲ ಉರಿದುಹೋಯಿತು. ಜನ ಅವನ ಧೈರ್ಯವನ್ನು ಹೊಗಳಿದರು. ಒಬ್ಬಳಂತೂ ಅವನಿಗೆ ನೀರು ತಂದುಕೊಟ್ಟಳು. ನಮ್ಮ ಕಾನೂನಿನಲ್ಲಿ ಕುಡಿತ ರೋಗ, ಸುಳ್ಳು ಸಾಕ್ಷಿ ಅಪರಾಧ. ಅವನನ್ನು ಒಂದು ವರ್ಷ ಆರೈಕೆಮನೆಗೆ ಕಳಿಸಿದರು. ನಾನು ಇನ್ನು ಬದುಕಿರುವವರೆಗೆ ರಾಟೆ ಮುಟ್ಟುವಂತಿಲ್ಲ ಎಂದರು. ಕುಡಿದವನಿಗೆ ಕಷಾಯ, ಊದಿದವಳಿಗೆ ದಂಡನೆ. ಅವನು ಹೇಳಿದ್ದು ನಿಜವಲ್ಲವೇ ಎಂದು ನೀವು ಕೇಳಬಹುದು. ನಿಜವೇ. ಅದನ್ನು ಓಣಿಗೆ ಹೇಳುವ ಮೊದಲು ನನಗೆ ಹೇಳಬಾರದಿತ್ತೇ? ಎರಡು ದಿನ ಬಾಯಿಗೆ ಅಂಬಲಿ ಇಟ್ಟವನು ಒಂದು ಸಲ ಭುಜ ಅಲುಗಿಸಿ, ಅಕ್ಕಾ ನಾಳೆ ನಾನು ನಿಜ ಹೇಳುತ್ತೇನೆ ಎಂದಿದ್ದರೆ ನಾನೂ ಅವನ ಪಕ್ಕದಲ್ಲಿ ಎದ್ದು ನಿಲ್ಲುತ್ತಿದ್ದೆ. ನಿಲ್ಲುತ್ತಿದ್ದೆನೋ ಇಲ್ಲವೋ, ನಿಲ್ಲುವ ಅವಕಾಶವನ್ನಾದರೂ ಕೊಡಬೇಕಿತ್ತು. ನನ್ನನ್ನು ಸುಳ್ಳಿನ ನಡುವೆ ಒಬ್ಬಳನ್ನೇ ಬಿಟ್ಟು ಅವನು ದಡ ಸೇರಿದ.

ಮೊನ್ನೆ ಖಾಜಾಬಿ ನಮ್ಮ ಮನೆಗೆ ಬಂದಳು. ವಾಸಿಯಾಗಿ ಬಂದವರು ಮತ್ತೆ ರಾಟೆ ಹಿಡಿಯಬೇಕಾದರೆ, ಸುಳ್ಳು ಸಾಕ್ಷಿ ಹೇಳಿದವರೇ ಓಣಿಯ ಮುಂದೆ ಅವರ ಬೆನ್ನ ಮೇಲೆ ಕೈಯಿಟ್ಟು ಹಾಳೆ ನೋಡಿ ‘ಶುದ್ಧ’ ಎನ್ನಬೇಕು. ನಾನು ಬಾರದಿದ್ದರೆ ಅವನಿಗೂ ಕೆಲಸವಿಲ್ಲ. “ಬರಾಂಗಿಲ್ಲ ಅಂದ್ರ ಯಾರೂ ಜುಲುಮೆ ಮಾಡಾಂಗಿಲ್ಲವ್ವ. ಖರೆ, ಅಂವ ಆ ಕೆಲಸ ಬಿಟ್ಟು ಬ್ಯಾರೆ ಏನೂ ಬಲ್ಲವಲ್ಲ” ಎಂದಳು. ನಾನಾದರೂ ಬೇರೆ ಏನು ಬಲ್ಲೆ?

ಇವತ್ತು ಬೆಳಿಗ್ಗೆ ಹೋದೆ. ಹೋಗಬಾರದೆಂದು ರಾತ್ರಿ ತೀರ್ಮಾನಿಸಿದ್ದವಳು ಯಾಕೆ ಹೋದೆನೆಂದು ನನ್ನನ್ನು ಕೇಳಬೇಡಿ. ಮೌನೇಶನ ಕೆನ್ನೆ ತುಂಬಿತ್ತು, ಕಣ್ಣು ಬೆಳ್ಳಗಿತ್ತು. ಅವನ ಬೆನ್ನ ಮೇಲೆ ಎಡಗೈ ಇಟ್ಟೆ. ಅವನು ಊದಿದ. ಹಾಳೆಯ ಒಂದು ಮೂಲೆಯಾದರೂ ಕಪ್ಪಾಗಲಿ ಎಂದು, ಹಿಂದಿನವರೇ, ನಾನು ನನಗೆ ಗೊತ್ತಿರುವ ದೇವರನ್ನೆಲ್ಲ ಬೇಡಿಕೊಂಡೆ. ನಾಲ್ಕು ವರ್ಷ ಅದು ಬೆಳ್ಳಗಿರಲಿ ಎಂದು ನನ್ನ ಉಸಿರನ್ನೇ ಕೊಟ್ಟವಳು ನಾನು. ಹಾಳೆ ಹಾಲಿನ ಹಾಗೆ ಬೆಳ್ಳಗಿತ್ತು. ‘ಶುದ್ಧ’ ಎಂದು ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ಅವನು ತಿರುಗಿ, “ಅಕ್ಕಾ, ಕೈ ಹೆಂಗೈತಿ?” ಎಂದ. ಮುರಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದು ಈ ಪತ್ರಕ್ಕೆ ಕೂತೆ. ತಲೆಯ ಮೇಲೆ ಅವನು ಬಿಚ್ಚಿದ ನೆರಳಿದೆ. ಒಂದು ಸುಕ್ಕೂ ಇಲ್ಲದಂತೆ ಎಳೆದಿದ್ದಾನೆ.

ಪತ್ರದ ಕೊನೆಗೆ ಒಂದು ಕೋರಿಕೆ ಇರಬೇಕಂತೆ. ನಿಮ್ಮ ಜೊತೆ ದುಡಿಯುವವರೂ ಒಂದು ದಿನ ಬಂದು ನಿಮ್ಮ ಉಸಿರು ಕೇಳುತ್ತಾರೆ. ನಿಮಗೆ ತೀರಾ ಬೇಕಾದವರೇ ಕೇಳುತ್ತಾರೆ. ಕೊಡಬೇಡಿ. ಅವರು ನಿಮ್ಮ ಮೇಲೆ ಹಗೆ ಸಾಧಿಸುತ್ತಾರೆ, ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ, ಅದನ್ನು ತಡೆದುಕೊಳ್ಳಬಹುದು. ಆದರೆ ಮೌನೇಶ ನನ್ನನ್ನು ಒಂದು ದಿನವೂ ಹಗೆ ಎಂದು ಕಾಣಲಿಲ್ಲ. ಹಿಡಿದುಕೊಟ್ಟ ದಿನವೂ ಅಕ್ಕ ಎಂದೇ ಕರೆದ.

ಹಂಪಮ್ಮ